ಖಾಲಿ ಸೈಟಿಗೆ ಹಾಕಿದ ಕಣಗಲೆ ಸೊಪ್ಪು

ಮನೆ ಮುಂದೆ ಕಣಗಲೆ ಬೆಳೆಸಿರುವ ಸ್ನೇಹಿತರು ಇದನ್ನು ಓದಿ.

ಬೆಳಿಗ್ಗೆ ನಮ್ಮ ಬೀದಿಗೆ ಹಾಲು ಹಾಕುವ ನಿಂಗಮ್ಮ ಬರಿಗೈಯಲ್ಲಿ ಗೇಟಿನ ಹತ್ತಿರ ನಿಂತಿದ್ದರು. “ಅಸ ಸತ್ತೋಯ್ತು ಸಾ. ನಾಳೆಯಿಂದ ಆಲಿಗೆ ಬ್ಯಾರೆ ಕಡೆ ನೋಡ್ಕಳಿ.”

ಏನಾಯಿತೆಂದು ಕೇಳಿದೆ.

“ಖಾಲಿ ಸೈಟಲ್ಲಿ ಯಾರೋ ಗರ್ಕೆ ಜೊತ್ಗೆ ಕಣಗಲೆ ಸೊಪ್ಪು ಸುರ್ದವ್ರೆ. ಅಸೀದಾಗಿದ್ರೆ ಆ ಇಸದ್ ಸೊಪ್ಪ ಮೂಸೂ ನೋಡ್ತಿರ್ಲಿಲ್ಲ. ಬಾಡಿತ್ತಲ್ಲ, ನೆನ್ನೆ ಸಂಜೆ ತಿಂದ್ಬುಟ್ಟದೆ. ದನ ಕಟ್ಟೋರು ಅಂಗ್ ಮಾಡಾಕಿಲ್ಲ ಸಾ, ಯಾರೋ ಓದ್ದೋರೇ ಇರ್ಬೇಕು.”

“ಯಾರಿರಬಹುದು?” ಎಂದು ನಾನೂ ಕೇಳಿದೆ.

ಹಾಕಿದವನು ನಾನೇ. ಸೋಮವಾರದ ಪೂಜೆಗೆ ನಂಜುಂಡೇಶ್ವರನಿಗೆ ಹೂವಾಗಲೆಂದು ಬೆಳೆಸಿದ ಗಿಡ ಕಾಂಪೌಂಡ್ ಮೀರಿತ್ತು. ಭಾನುವಾರ ಸವರಿ ಹಾಕಿದೆ. ಕಸದ ಗಾಡಿಯವರು ಬಿಡಿಸಿ ಹೇಳಿದ್ದರು: “ಸೊಪ್ಪುಸದೆಗೆ ಬುಧವಾರ ಟ್ರಾಕ್ಟರ್ ಬತ್ತದೆ ಸಾ. ಅಲ್ಲೀಗಂಟ ಒಳಗೇ ಇಟ್ಕಳಿ.” ಮೂರು ದಿನ ಆ ರಾಶಿಯನ್ನು ಅಂಗಳದಲ್ಲಿ ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ. ಸುಟ್ಟರೆ ಬೀದಿಗೆಲ್ಲ ಹೊಗೆ. ಸೈಟಿಗೆ ಹಾಕಿದರೆ ಹಸುಗಳಾದರೂ ತಿನ್ನುತ್ತವೆ, ಪುಣ್ಯ ಬರುತ್ತದೆ ಎಂದುಕೊಂಡು, ಕಿತ್ತ ಗರಿಕೆಯನ್ನೂ ಸೇರಿಸಿ ಸುರಿದು ಬಂದೆ.

ಇವತ್ತು ಬುಧವಾರ. ಟ್ರಾಕ್ಟರ್ ಹೇಳಿದ ಹಾಗೆಯೇ ಬಂತು. ನಮ್ಮ ಗೇಟಿನ ಮುಂದೆ ನಿಂತು, ಸೊಪ್ಪೇನೂ ಇಲ್ಲವೆಂದು ತಿಳಿದು ಮುಂದೆ ಹೋಗಿ, ನಿಂಗಮ್ಮನವರ ಹಸುವನ್ನು ಹೇರಿಕೊಂಡು ಹೋಯಿತು. ಅದು ಹೊರಡುವ ಮುನ್ನ ನಿಂಗಮ್ಮ ಹಸುವಿನ ಕೊರಳಿನ ಗಂಟೆ ಬಿಚ್ಚಿಕೊಂಡರು.

ನಿಂಗಮ್ಮ ಫೇಸ್‌ಬುಕ್‌ನಲ್ಲಿಲ್ಲ. ಇಷ್ಟೆಲ್ಲ ನಿಜ ಬರೆಯಲು ನನಗಿರುವ ಧೈರ್ಯ ಅದೊಂದೇ.