ಕೊಡೆಕಡ್ಡಿಯ ಉಳಿ

ಬಂಟ್ವಾಳದ ಹೈಸ್ಕೂಲೊಂದರಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದ ತೊಂಬತ್ತರ ದಶಕದ ಕೊನೆಯಲ್ಲಿ, ಶನಿವಾರ ಬಂತೆಂದರೆ ನನಗೆ ಬೆಳಿಗ್ಗೆಯಿಂದಲೇ ಹೆದರಿಕೆ. ಅಂದು ಒಂಬತ್ತನೆಯ ತರಗತಿಗೆ ಅಚ್ಚುಚಿತ್ರದ ಪಾಠ. ಚಪ್ಪಲಿ ಅಂಗಡಿಯಿಂದ ತಂದ ರಬ್ಬರ್ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಸವರಿ, ಕಾಗದ ಹೊದಿಸಿ ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಮೂಡುತ್ತಿತ್ತು. ಅಂಗಡಿಯ ಉಳಿ ನಮಗೆಲ್ಲಿಂದ ಬರಬೇಕು? ಕೊಡೆಯ ಕಡ್ಡಿಗಳನ್ನು ಕತ್ತರಿಸಿ, ತುದಿಯನ್ನು ಕಲ್ಲಿಗೆ ಮಸೆದು ನಾನೇ ಮಾಡಿಕೊಟ್ಟಿದ್ದೆ. ನಮ್ಮ ಮಳೆಗೆ ಮುರಿದ ಕೊಡೆಗಳಿಗೇನೂ ಬರವಿರಲಿಲ್ಲ.

ಹೆಡ್‌ಮಾಸ್ಟರರು ಆ ಉಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಮೊದಲ ದಿನವೇ ಮಕ್ಕಳೆದುರಿಗೇ ಹೇಳಿದ್ದರು: "ಒಂದು ಹನಿ ರಕ್ತ ಬಿದ್ದರೂ ನಿಮ್ಮ ಕ್ಲಾಸು ಬಂದ್. ಮಕ್ಕಳ ಅಪ್ಪ ಅಮ್ಮನಿಗೆ ಉತ್ತರ ಕೊಡ್ಲಿಕ್ಕೆ ಉಂಟಲ್ಲ ಮಾರಾಯ್ರೆ."

ಹಾಗಾಗಿ ನಾನು ಚಿತ್ರ ನೋಡಿದ್ದೇ ಕಡಿಮೆ, ನೋಡಿದ್ದೆಲ್ಲ ಬೆರಳು. "ರಬ್ಬರ್ ಹಿಡಿದ ಕೈ ಉಳಿಯ ಹಿಂದೆ ಇರಲಿ" ಎಂದು ಬಾಯಿ ನೋಯುವಷ್ಟು ಹೇಳುತ್ತ ಬೆಂಚುಗಳ ನಡುವೆ ಸುತ್ತುತ್ತಿದ್ದೆ. ವಾರಗಳು ಕಳೆದವು, ಯಾರಿಗೂ ಏನೂ ಆಗಲಿಲ್ಲ. ಒಳಗೊಳಗೆ ಸ್ವಲ್ಪ ಜಂಬವೂ ಬಂದಿತ್ತು.

ಒಂದು ಶನಿವಾರ ಮೀನಿನ ಕಣ್ಣು ಕೆತ್ತುವುದು ಹೇಗೆಂದು ತೋರಿಸುವಾಗ ಉಳಿ ಜಾರಿ ನನ್ನದೇ ಹೆಬ್ಬೆರಳಿಗೆ ನಾಟಿತು. ಕೈಯನ್ನು ತಟ್ಟನೆ ಮೇಜಿನ ಕೆಳಗೆ ಎಳೆದುಕೊಂಡು ಬಾಗಿಲ ಕಡೆ ನೋಡಿದೆ. ನೋವಿಗಿಂತ, ಕ್ಲಾಸು ಹೋಯಿತಲ್ಲ ಎಂಬ ದಿಗಿಲೇ ದೊಡ್ಡದಾಗಿತ್ತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸದ್ದಿಲ್ಲದೆ ಎದ್ದು ಬಂದಳು. ಕಂಪಾಸು ಪೆಟ್ಟಿಗೆ ತೆರೆದು ಸಣ್ಣ ಪೊಟ್ಟಣ ತೆಗೆದಳು. ಅರಶಿನ ಪುಡಿ.

"ಒತ್ತಿ ಹಿಡೀರಿ ಸರ್. ಬೇಗ ನಿಲ್ತದೆ."

"ಇದನ್ನು ಯಾಕೆ ತಂದಿದ್ದೀ?"

ಅವಳು ಎಡ ಅಂಗೈ ಬಿಡಿಸಿದಳು. ಮಾಸುತ್ತಿದ್ದ ಗೀರು. ಪಕ್ಕದವಳು ತೋರುಬೆರಳು ಎತ್ತಿದಳು. ಹಿಂದಿನ ಬೆಂಚಿನ ಹುಡುಗರೂ ಒಬ್ಬೊಬ್ಬರಾಗಿ ಕೈ ಚಾಚಿದರು. ಶಾಯಿ ಮೆತ್ತಿದ ಬೆರಳುಗಳಲ್ಲಿ ನನಗೆ ಕಾಣದೇ ಹೋದ ಗಾಯಗಳು. ಯಾರದಾದರೂ ಕೀವಾಗಿದ್ದರೆ? ನಂಜೇರಿದ್ದರೆ?

"ಹೇಳಿದ್ರೆ ಕ್ಲಾಸು ನಿಲ್ತದಲ್ವಾ ಸರ್," ಎಂದಳು ಅವಳು. "ನಿಮ್ಮದನ್ನೂ ನಾವು ಹೇಳುವುದಿಲ್ಲ."

ಆ ಭರವಸೆ ಕೇಳಿ, ರಕ್ತ ಕಂಡಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಉಳಿಗಳನ್ನೆಲ್ಲ ಒಟ್ಟುಮಾಡಿ, ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಸೀದಾ ಹೆಡ್‌ಮಾಸ್ಟರರ ಕೋಣೆಗೆ ನಡೆದೆ. ಹೊರಡುವಾಗ ಮಕ್ಕಳ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.