ಕಾಗದದಷ್ಟು ಸಂದು

ಸೈಕಲ್ ರಿಪೇರಿಯವನು ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಡಿ ಮುಚ್ಚಿ ರಜೆ ಹಾಕಿದ. ನಾಲ್ಕು ದಿನ. ಗುಡ್ಡದ ಊರಿನಲ್ಲಿ ಒಂದು ರೂಮು. ಅವನು ಬಸ್ಸಿನ ಮೇಲೆ ಸೈಕಲ್ ಏರಿಸುವುದನ್ನು ಕಂಡಾಗಲೇ ಹೆಂಡತಿಗೆ ಒಳಗುಟ್ಟು ತಿಳಿಯಿತು. ಅದು ಅವಳ ತಮ್ಮನ ಸೈಕಲ್.

ತಮ್ಮ ಅಂಚೆಯವನು. ಹೋದ ವರ್ಷ ಇದೇ ಗುಡ್ಡದ ಸೈಕಲ್ ಪಂದ್ಯಕ್ಕೆ ಬಂದಿದ್ದ. ಇಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಕೆಳಗಿನ ಸೇತುವೆಯಿಂದ ಮೇಲಿನ ನೀರಿನ ಟ್ಯಾಂಕಿನವರೆಗೆ ಏಳು ಕಿಲೋಮೀಟರು, ಗಡಿಯಾರದ ಜೊತೆಗೇ ಜಿದ್ದು. ಸೈಕಲ್ ಸಜ್ಜು ಮಾಡಿಕೊಟ್ಟವನು ಭಾವನೇ, ಈ ರಿಪೇರಿಯವನು. ಕೊನೆಯ ಸ್ಥಾನಕ್ಕೆ ಬಿದ್ದ ತಮ್ಮ, ಏರಿನಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಯಿತು ಎಂದ. ಭಾವ ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ ಚಕ್ರ ತಿರುಗಿಸಿದ. ಅದು ನಿಲ್ಲುವ ಮಾತೇ ಇಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟ, ಹೆಂಡತಿಯ ತವರಿನವರೆಲ್ಲರ ಎದುರಿಗೇ.

ತಮ್ಮ ಸೈಕಲನ್ನು ಅಲ್ಲೇ ಬಿಟ್ಟು ಹೋದ. ಆಮೇಲೆ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮಾತು ಬಾಯಿ ದಾಟಿದ ಮೇಲೆ ರಿಪೇರಿಯವನ ತಲೆಗೆ ಹುಳ ಹೊಕ್ಕಿತು. ಚಕ್ರ ಸುಳ್ಳು ಹೇಳದು. ಹುಡುಗನೂ ಸುಳ್ಳು ಹೇಳುವವನಲ್ಲ. ಮತ್ತೆ ಎಳೆದವರು ಯಾರು? ಒಂದು ನಟ್ಟನ್ನೂ ಮುಟ್ಟದೆ ಸೈಕಲನ್ನು ವರ್ಷವಿಡೀ ಹಾಗೇ ಇಟ್ಟಿದ್ದ.

ಗುಡ್ಡದ ಊರು ಸೇರಿದ ಮರುದಿನ ಬೆಳಿಗ್ಗೆ ಹೆಂಡತಿ ಹೇಳಿದಳು, "ನಾನು ಬಸ್ಸಲ್ಲಿ ಮೇಲೆ ಹೋಗಿ ಕೂತಿರ್ತೀನಿ ರೀ. ಮಧ್ಯಾಹ್ನದೊಳಗೆ ನೀವು ಬರದೆ ಇದ್ರೆ ಊಟ ಮಾಡ್ಕೊಂಡು ಹುಡುಕ್ತೀನಿ."

ಮೊದಲ ಮೂರು ಕಿಲೋಮೀಟರು ಸಣ್ಣ ಏರು. ಕೂತೇ ತುಳಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು ಸೈಕಲ್. ಹುಡುಗನ ಕಾಲಿನದೇ ತಪ್ಪು ಎಂದುಕೊಂಡ. ಆದರೆ ಯಾಕೋ ಸಮಾಧಾನವಾಗಲಿಲ್ಲ.

ಮೂರನೇ ತಿರುವಿನಲ್ಲಿ ರಸ್ತೆ ಗೋಡೆಯ ಹಾಗೆ ಎದ್ದಿತು. ಕೂತು ತುಳಿದರೆ ಆಗದು. ಎದ್ದು ನಿಂತು ಮೈಭಾರ ಹಾಕಿದ. ಹಿಂದಿನ ಚಕ್ರ ಸರ್ರ್ ಎಂದು ಉಜ್ಜಿತು. ಇನ್ನೊಂದು ತುಳಿತ, ಇನ್ನೊಂದು ಸರ್ರ್.

ಇಳಿದ. ಚಕ್ರ ಎತ್ತಿ ತಿರುಗಿಸಿದ. ಸದ್ದಿಲ್ಲ. ಹತ್ತಿ ತುಳಿದ. ಸರ್ರ್. ತುಳಿಯುತ್ತಲೇ ಕಾಲ ಸಂದಿಯಿಂದ ಬಗ್ಗಿ ನೋಡಲು ಹೋಗಿ ಚರಂಡಿಗೆ ಬೀಳುವುದರಲ್ಲಿದ್ದ.

ರಸ್ತೆ ಗುಡಿಸುತ್ತಿದ್ದ ಹೆಂಗಸು ಪೊರಕೆ ಊರಿ ನಿಂತು ನೋಡುತ್ತಿದ್ದಳು. ಅವನು ಅವಳನ್ನೇ ಕೇಳಿಕೊಂಡ, ಹಿಂದಿನಿಂದ ನಡೆದು ಬಂದು ಚಕ್ರವನ್ನೇ ನೋಡು ತಾಯಿ ಎಂದು. ಅವನು ಎದ್ದು ನಿಂತು ತುಳಿದ, ಅವಳು ಹಿಂದೆ ಹತ್ತು ಹೆಜ್ಜೆ ಬಂದಳು.

"ನೀನು ತುಳಿದಾಗೆಲ್ಲ ಚಕ್ರ ಸೊಂಟ ಆಡಿಸ್ತದೆ ಅಣ್ಣ. ಹೋಗಿ ಆ ರಬ್ಬರಿಗೆ ಒರಗ್ತದೆ."

ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ.

ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ ಒಂದು ಕಾಗದ ತೂರುವಷ್ಟೇ ಸಂದು ಬಿಡುವುದು ಅವನ ಕೈಚಳಕ. ಬ್ರೇಕಿಗೆ ಬೆರಳು ತಾಗಿದರೆ ಸೈಕಲ್ ನಿಲ್ಲಬೇಕು. ಸುತ್ತಲಿನ ಅಂಗಡಿಗಳಲ್ಲಿ ಯಾರಿಗೂ ಅಷ್ಟು ಸಣ್ಣ ಸಂದು ಕೂರಿಸಲು ಬರದು. ಆದರೆ ಸ್ಟ್ಯಾಂಡಿನ ಮೇಲೆ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಅದರ ಮೇಲೆ ಯಾರೂ ನಿಂತಿರುವುದಿಲ್ಲ. ಏರಿನಲ್ಲಿ ಮನುಷ್ಯ ಎದ್ದು ನಿಂತು ಎಡಕ್ಕೂ ಬಲಕ್ಕೂ ಭಾರ ಎಸೆಯುತ್ತಾನೆ. ಚಕ್ರ ಕೂದಲೆಳೆಯಷ್ಟು ಬಾಗುತ್ತದೆ. ಅಷ್ಟು ಬಾಗಲೂ ಅವನು ಜಾಗ ಬಿಟ್ಟಿರಲಿಲ್ಲ. ಹುಡುಗ ಬ್ರೇಕ್ ಹಿಡಿಸಿಕೊಂಡೇ ಗುಡ್ಡ ಹತ್ತಿದ್ದ.

ನಟ್ಟು ಸಡಿಲಿಸಲು ಕೈ ತುರಿಸಿತು. ಸಡಿಲಿಸಲಿಲ್ಲ. ಉಳಿದ ದಾರಿಯನ್ನು ಸೈಕಲ್ ತಳ್ಳಿಕೊಂಡೇ ಹತ್ತಿದ.

ಟ್ಯಾಂಕಿನ ನೆರಳಲ್ಲಿ ಹೆಂಡತಿ ಕೂತಿದ್ದಳು. ಅವನು ಅವಳ ಫೋನು ತೆಗೆದುಕೊಂಡು ತಮ್ಮನಿಗೆ ಹಚ್ಚಿದ. ಅಕ್ಕನೇ ಎಂದುಕೊಂಡು ತಮ್ಮ ಎತ್ತಿದ.

"ನಾನು. ಮನೇಲಿ ಯಾರ್ಯಾರಿದ್ದೀರಿ?"

ಅಮ್ಮ, ದೊಡ್ಡಣ್ಣ, ಅತ್ತಿಗೆ ಎಲ್ಲ ಇದ್ದಾರೆ ಎಂದ ತಮ್ಮ, ಬಿಗಿಯಾಗಿ.

"ಸ್ಪೀಕರ್ ಹಾಕು. ಎಲ್ಲರ ಎದುರು ಅಂದಿದ್ದೆ, ಎಲ್ಲರ ಎದುರೇ ಹೇಳಬೇಕು. ತಪ್ಪು ನನ್ನ ಕೈಯದು. ನಿನ್ನ ಕಾಲಿನದಲ್ಲ."

ಚಕ್ರ ಬಾಗಿದ್ದನ್ನೂ ರಬ್ಬರು ತಾಗಿದ್ದನ್ನೂ ನಿಧಾನವಾಗಿ ಬಿಡಿಸಿ ಹೇಳಿದ. ಆಮೇಲೆ ತಮ್ಮ ಕೇಳಿದ:

"ಎಷ್ಟನೇ ತಿರುವಲ್ಲಿ ಭಾವ?"

"ಮೂರನೇದು."

"ನಂಗೂ ಅಲ್ಲೇ. ಏನೂ ಬಿಚ್ಚಬೇಡಿ. ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ. ನೀವು ತುಳೀರಿ, ನಾನು ಹಿಂದಿನಿಂದ ನೋಡಬೇಕು."

ಫೋನು ಇಟ್ಟಾಗ ಹೆಂಡತಿ ಆಗಲೇ ಎದ್ದು ನಿಂತಿದ್ದಳು. ರೂಮಿನವರ ಹತ್ತಿರ ತಮ್ಮನಿಗೂ ಒಂದು ಹಾಸಿಗೆ ಕೇಳಬೇಕಿತ್ತು.