ಎರಡು ಬಾಲದ ಕುರಿಮರಿ

ಮಂಜು ಇನ್ನೂ ಗುಡ್ಡ ಬಿಟ್ಟು ಕದಲಿರಲಿಲ್ಲ. ಅದರೊಳಗಿಂದ ಒಂದು ಕುರಿಮರಿ ಕುಣಿಯುತ್ತ ನನ್ನ ಕಡೆಗೆ ಬಂತು. ಅದಕ್ಕೆ ಎರಡು ಬಾಲಗಳಿದ್ದವು. ಒಂದು ಅಲ್ಲಾಡುತ್ತಿತ್ತು, ಇನ್ನೊಂದು ಅದರ ಮೇಲೆ ಜೋತುಬಿದ್ದಿತ್ತು. ಪಶುವೈದ್ಯ ಕಲಿಯಲು ಸಮುದ್ರ ದಾಟಿ ಬಂದವನು ನಾನು. ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಏನ್ಲಾ, ದೆವ್ವ ಕಂಡಂಗೆ ನಿಂತ್ಬುಟ್ಟೆ?" ಎಂದರು ಹಿಂದಿನಿಂದ ರಾಬ್ ಯಜಮಾನರು. ಕುರಿಗಳೂ ಗುಡ್ಡವೂ ಅವರವು. "ಮೇಲಿರೋದು ಸತ್ತ ಮರಿ ಚರ್ಮ ಕಣ್ಲಾ. ತಬ್ಬಲಿಗೆ ತೊಡ್ಸಿವ್ನಿ. ಮರಿ ಕಳ್ಕೊಂಡೋಳು ಬಾಲ ಮೂಸಿ, ನಂದೇ ಅಂತ ಹಾಲು ಕೊಡ್ತಾಳೆ."

ಸ್ಕಾಟ್ಲೆಂಡಿನ ರೈತನೊಬ್ಬ ಕನ್ನಡ ಆಡಿದ ಎಂದು ಓದುಗರು ತಿಳಿಯಬಾರದು. ಪುಸ್ತಕದ ಇಂಗ್ಲಿಷಿಗೂ ಇವರ ಮಾತಿಗೂ ಇರುವ ದೂರ, ಪುಸ್ತಕದ ಕನ್ನಡಕ್ಕೂ ನಮ್ಮ ಮದ್ದೂರು ಸೀಮೆಯ ಮಾತಿಗೂ ಇರುವಷ್ಟೇ. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ತಿಳಿಯತೊಡಗಿದ ಮೇಲೆ ಅದು ನಮ್ಮೂರು ಕೊಪ್ಪದ ಜಗಲಿಯ ಮಾತಿನಂತೆಯೇ ಕೇಳಿಸುತ್ತದೆ. ಕೇಳಿಸಿದಂತೆ ಬರೆಯುತ್ತಿದ್ದೇನೆ.

ನಾನು ಆ ಗುಡ್ಡಕ್ಕೆ ಹೋದದ್ದು ಕಾಲೇಜಿನ ಕಟ್ಟಳೆಯಿಂದ. ಕುರಿ ಈಯುವ ಕಾಲಕ್ಕೆ ಇಲ್ಲಿ ಲ್ಯಾಂಬಿಂಗ್ ಎನ್ನುತ್ತಾರೆ. ಅದನ್ನು ಪೂರ್ತಿ ಒಬ್ಬ ರೈತನ ಹತ್ತಿರ ಕಳೆದು, ಅವನಿಂದ ಸೈ ಎನ್ನಿಸಿಕೊಳ್ಳಬೇಕು. ಇಲ್ಲವಾದರೆ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ಮುಖ ನೋಡಿದ ಕೂಡಲೇ ಎರಡು ಮನೆಯವರು ಜಾಗವಿಲ್ಲ ಎಂದಿದ್ದರು. ರಾಬ್ ಯಜಮಾನರು ಮಾತ್ರ, "ಭಾನುವಾರ ಗಂಟ ಇರು. ಕೈ ನೋಡ್ತೀನಿ. ಆಗ್ದಿದ್ರೆ ಬಸ್ಸತ್ತುಸ್ತೀನಿ" ಎಂದಿದ್ದರು. ಬಸ್ಸು ಹತ್ತಿದರೆ ಒಂದು ವರ್ಷ ಕೈಬಿಟ್ಟಂತೆ. ಇನ್ನೊಂದು ವರ್ಷ ಇಲ್ಲಿರುವ ಖರ್ಚು ನಮ್ಮ ಮನೆಯವರಿಂದ ಆಗುವ ಮಾತಲ್ಲ. ಹಾಗಾಗಿ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಗುತ್ತಿತ್ತು.

ನನ್ನ ಕೋಣೆ ಕುರಿಯ ಉಣ್ಣೆ ತುಂಬಿಡುವ ಅಟ್ಟದ ಪಕ್ಕದಲ್ಲಿತ್ತು. ಬೆಳಿಗ್ಗೆ ಯಜಮಾನರ ಹೆಂಡತಿ ಜೀನಮ್ಮನವರು ಓಟ್ಸಿನ ಗಂಜಿ ಬಡಿಸುತ್ತಿದ್ದರು. ಅದಕ್ಕೆ ಉಪ್ಪು ಮಾತ್ರ. ಸಕ್ಕರೆ ರೇಷನ್ನಿನದು, ಬಟ್ಟಲ ತಳದಲ್ಲಿ ಮಿನುಗುತ್ತಿತ್ತು ಅಷ್ಟೆ. ಆಲೆಮನೆಯ ಬಿಸಿಬೆಲ್ಲವನ್ನು ಕಬ್ಬಿನ ಜಲ್ಲೆಯಲ್ಲಿ ಎತ್ತಿ ತಿಂದ ಮಂಡ್ಯದವನು ಆ ಮಿನುಗನ್ನು ನೋಡುತ್ತ ಗಂಜಿ ನುಂಗುತ್ತಿದ್ದೆ. ಕಣ್ಣು ಮುಚ್ಚಿದರೆ ಅದು ರಾಗಿ ಅಂಬಲಿಯಂತೆ ಒಳಗಿಳಿಯುತ್ತಿತ್ತು. ಕಣ್ಣು ತೆರೆದರೆ ಕಿಟಕಿಯಲ್ಲಿ, ಆ ವರ್ಷ ಮೈಮರೆತು ಸುರಿದಿದ್ದ ಹಿಮ ಇನ್ನೂ ಗೋಡೆಯ ನೆರಳಿನಲ್ಲಿ ಉಳಿದಿರುತ್ತಿತ್ತು.

ಇಲ್ಲಿಯ ಹಸುಗಳಿಗೆ ಹಾಲು ಕರೆಯಲು ಕರು ಬೇಡ. ಹುಟ್ಟಿದ ಕೂಡಲೇ ಕರುವನ್ನು ಬೇರೆ ಕಟ್ಟುತ್ತಾರೆ. ಹಸು ಯಾರ ಕೈಗಾದರೂ ಹಾಲಿಳಿಸುತ್ತದೆ. ನಮ್ಮಲ್ಲಿ ಕರು ಎದುರಿಗಿಲ್ಲದೆ ಒಂದು ಹನಿಯೂ ಇಲ್ಲ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಎರಡು ಬಾಲದ ಮರಿಯನ್ನು ಕಂಡಾಗ ನನಗೆ ನೆನಪಾದದ್ದು ಅದು. ಅಜ್ಜಿಯ ಹಟ್ಟಿ, ಬೂದು ಹಸು, ಹುಲ್ಲಿನ ಕರು. ಅಜ್ಜಿ ಕರುವಿನ ಬೆನ್ನಿಗೆ ಉಪ್ಪು ಉದುರಿಸುತ್ತಾಳೆ, ಹಸು ನೆಕ್ಕುತ್ತದೆ. ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿ ಹುಲ್ಲು ಹೊರಬರುತ್ತದೆ. ಹಸು ಆ ಹುಲ್ಲನ್ನು ತಿನ್ನುತ್ತದೆ.

ಇದನ್ನು ನಾನು ಕಂಡೆನೇ? ಹಿಂದೊಮ್ಮೆ, ನನ್ನ ಕಾಲೇಜಿರುವ ಗ್ಲಾಸ್ಗೋದಲ್ಲಿ, ಗೆಳೆಯ ಸತ್ತಾರನಿಗೆ ಹೇಳಿದ್ದೆ. ಅವನು ಮದ್ದೂರಿನವನು, ಯುದ್ಧದ ಕಾಲದಲ್ಲಿ ಯಂತ್ರದ ಕೆಲಸ ಕಲಿಯಲು ಬಂದು ಇಲ್ಲೇ ಉಳಿದವನು. ಚಿಕ್ಕಂದಿನಲ್ಲಿ ತಂದೆಯೊಡನೆ ತೊಗಲು ಕೊಳ್ಳಲು ಕೊಪ್ಪಕ್ಕೆ ಬರುತ್ತಿದ್ದ.

"ಲೇ ಗೌಡ, ನಿಮ್ಮಜ್ಜಿ ಮಡಿ ನಂಗೊತ್ತಿಲ್ವಾ? ನಾವು ಓದ್ರೆ ಜಗಲಿ ಕೆಳಗೇ ನಿಲ್ಸೋರು. ಅಂಥೋರು ತೊಗಲ್ನ ಅಟ್ಟಿ ಒಳಿಕ್ಕೆ ಬುಟ್ಕತಿದ್ರಾ?" ಎಂದು ನಕ್ಕ.

"ಉಪ್ಪು ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆಯಲ್ಲೋ."

"ಉಪ್ಪು ಆಕೋದು ತೊಗಲು ಕೆಡಬಾರ್ದು ಅಂತ ಕಣ್ಲಾ, ಅಸ ನೆಕ್ಲಿ ಅಂತಲ್ಲ. ನಮ್ಮಂಗ್ಡೀಲಿ ನೋಡಿದ್ನ ತಕ್ಕೊಂಡೋಗಿ ನಿಮ್ಮಟ್ಟೀಲಿ ಕಟ್ಟಾಕಿದ್ದೀಯ. ಈ ಚಳೀಗೆ ನಿನ್ ತಲೆ ಎಪ್ಪುಗಟ್ಟೈತೆ, ಟೀ ಕುಡಿ."

ನಾನು ಟೀ ಕುಡಿದೆ. ಬೆಂಗಳೂರಿನಲ್ಲಿ ವಿಜ್ಞಾನ ಓದುವಾಗ ಎಲ್ಲವನ್ನೂ ಸಂದೇಹಿಸಲು ಕಲಿತೆ. ನನ್ನ ತಲೆಯೂ ಅದರೊಳಗೆ ಸೇರುತ್ತದೆ ಎಂದು ಆಗ ತೋಚಿರಲಿಲ್ಲ.

ಶನಿವಾರ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಒಂದು ಕುರಿಗೆ ಸತ್ತ ಮರಿ ಹುಟ್ಟಿತು. ಕಲ್ಲುಗೋಡೆಯ ಆಚೆ ತಾಯಿ ಸತ್ತ ತಬ್ಬಲಿಯೊಂದು ಬೆಳಗಿನಿಂದ ಕೂಗುತ್ತಿತ್ತು. ಯಜಮಾನರು ಚಾಕು ನನ್ನ ಕೈಗಿಟ್ಟು, "ಸುಲ್ದು ತೊಡ್ಸು. ನಾ ಮೇಲ್ಗಡೆ ಗುಡ್ಡ ನೋಡ್ಕೊಂಡು ಬತ್ತೀನಿ" ಎಂದು ಹೋದರು.

ಕಾಲೇಜಿನಲ್ಲಿ ಎಷ್ಟೋ ಹೆಣ ಕೊಯ್ದಿದ್ದೇನೆ. ಆದರೆ ಇದು ಬೆಚ್ಚಗಿತ್ತು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕೇರಿಯಿಂದ ಒಬ್ಬರನ್ನು ಕರೆಸುತ್ತಿದ್ದರು. ಅವರ ಹೆಸರು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ನಾನು ಉಸಿರು ಬಿಗಿಹಿಡಿದು ಸುಲಿದೆ. ರಕ್ತ, ಲೋಳೆ, ವಾಸನೆ. ಬದುಕಿರುವ ಮರಿಗೆ ಇದನ್ನು ಹೊದಿಸುವುದೇ? ಬಕೆಟ್ಟಿನಲ್ಲಿ ನೀರು ತಂದು, ಕಾರ್ಬಾಲಿಕ್ ಸೋಪು ಹಚ್ಚಿ, ಚರ್ಮವನ್ನು ಚೆನ್ನಾಗಿ ತೊಳೆದು ಹಿಂಡಿದೆ. ಕಾಲುಗಳ ತೂತಿನಲ್ಲಿ ತಬ್ಬಲಿಯ ಕಾಲು ತೂರಿಸಿದೆ. ಕೋಟು ತೊಟ್ಟ ಹಾಗೆ ಒಪ್ಪವಾಗಿ ಕೂತಿತು.

ಮರಿ ಕಳೆದುಕೊಂಡ ತಾಯಿಕುರಿಯ ಮುಂದೆ ಬಿಟ್ಟೆ. ಅದು ಒಮ್ಮೆ ಮೂಸಿ ಹಾಯಿತು. ಮರಿ ಗೋಡೆಗೆ ಬಡಿದು ಬಿತ್ತು, ಎದ್ದು ಮತ್ತೆ ಹೋಯಿತು, ಮತ್ತೆ ಹಾಯಿಸಿಕೊಂಡಿತು. ಅಷ್ಟರಲ್ಲಿ ಯಜಮಾನರು ಬಂದರು. ಗಾಳಿಯನ್ನು ಮೂಸಿದರು.

"ಏನ್ಲಾ ವಾಸ್ನೆ?"

"ಸೋಪು, ಯಜಮಾನರೇ. ತೊಳೆದೆ."

"ತೊಳುದ್ಯಾ?" ಅವರು ಟೋಪಿ ತೆಗೆದು ಕಂಬಕ್ಕೆ ಬಡಿದರು. "ಜೀನ್! ಬಾ ಇಲ್ಲಿ, ನೋಡು. ನಮ್ ಡಾಕ್ಟ್ರು ಮರಿ ತೊಳ್ದು ಮದ್ವೆಗೆ ರೆಡಿ ಮಾಡವ್ರೆ! ಲೇ, ಆ ವಾಸ್ನೇನೇ ಅಲ್ವಾ ಅವಳ ಮಗ ಅಂದ್ರೆ?"

ಜೀನಮ್ಮ ಬಾಗಿಲಲ್ಲಿ ನಿಂತು, "ಬೈಬ್ಯಾಡಿ. ನಾಳಿಕ್ಕೆಂಗೂ ಬಸ್ಸೈತೆ" ಎಂದರು. ಆ ಮಾತು ಬೈಗುಳಕ್ಕಿಂತ ತಣ್ಣಗಿತ್ತು. ಮರಿ ಕೂಗುವುದನ್ನು ನಿಲ್ಲಿಸಿ ಹುಲ್ಲಿನ ಮೇಲೆ ಮಲಗಿತು. ಮರಿ ಕೂಗು ನಿಲ್ಲಿಸಿತೆಂದರೆ ಅದಕ್ಕೆ ಹೆಚ್ಚು ಹೊತ್ತಿಲ್ಲ ಎಂಬಷ್ಟು ನನಗೂ ಗೊತ್ತಾಗಿತ್ತು.

"ಅಮ್ಮಾ, ಸ್ವಲ್ಪ ಉಪ್ಪು ಕೊಡಿ" ಎಂದೆ.

ಯಾಕೆ ಕೇಳಿದೆನೋ ತಿಳಿಯದು. ಆ ಹೊತ್ತು ಮಂಜು ಕೊಟ್ಟಿಗೆಯೊಳಕ್ಕೇ ಬಂದಿತ್ತು. ಅದರೊಳಗೆ ಬೂದು ಹಸುವೊಂದು ನೆಕ್ಕುತ್ತಿತ್ತು ಎಂದರೆ ನೀವು ನಗುತ್ತೀರಿ. ಜೀನಮ್ಮ ಗಂಜಿಗೆ ಹಾಕುವ ಉಪ್ಪಿನ ಜಾಡಿಯನ್ನೇ ತಂದರು. ಮರಿಯ ಬೆನ್ನಿಗೆ, ಎರಡೂ ಬಾಲಗಳಿಗೆ ಉದುರಿಸಿ, ನನ್ನ ಕೈಯಲ್ಲಿಯೇ ಎತ್ತಿ ತಾಯಿಕುರಿಯ ಮೂಗಿನ ಮುಂದೆ ಹಿಡಿದೆ.

"ಇದ್ನ ಎಲ್ಲಿ ನೋಡಿದ್ಯಲಾ?" ಎಂದರು ಯಜಮಾನರು.

"ನೋಡಿದ್ದೇನೋ ಇಲ್ಲವೋ ಗೊತ್ತಿಲ್ಲ."

ಕುರಿ ಮುಖ ತಿರುಗಿಸಿತು. ಮತ್ತೆ ತಿರುಗಿತು. ನಾಲಿಗೆ ಚಾಚಿ ಒಮ್ಮೆ ನೆಕ್ಕಿತು, ಇನ್ನೊಮ್ಮೆ. ಬಹಳ ಹೊತ್ತು ನೆಕ್ಕಿತು. ನನ್ನ ತೋಳು ಜೋಮು ಹಿಡಿಯಿತು, ಇಳಿಸಲು ಧೈರ್ಯವಾಗಲಿಲ್ಲ. ನೆಕ್ಕುತ್ತ ನೆಕ್ಕುತ್ತ ಅದರ ಗಂಟಲಿನಿಂದ ಗೊಗ್ಗರು ದನಿಯೊಂದು ಹೊರಟಿತು, ಮರಿಯೊಡನೆ ಮಾತ್ರ ಆಡುವ ದನಿ. ನಾನು ಮರಿಯನ್ನು ಕೆಚ್ಚಲಿನ ಬಳಿ ಬಿಟ್ಟೆ. ಕುರಿ ಹಾಯಲಿಲ್ಲ. ಕೆಳಗಿನ ಬಾಲ ಮೆಲ್ಲಗೆ ಅಲ್ಲಾಡಿತು.

ಇದರಿಂದ ಏನೂ ಸಾಬೀತಾಗುವುದಿಲ್ಲ. ಉಪ್ಪಿಲ್ಲದೆಯೂ ಕುರಿ ಮನಸ್ಸು ಬದಲಿಸುತ್ತಿತ್ತೇನೋ. ಯಜಮಾನರು ಟೋಪಿ ಹಾಕಿಕೊಂಡು, "ನಾಳೆ ಬಸ್ಸು ಖಾಲಿ ಓಯ್ಲಿ ಬುಡು" ಎಂದರು.

ಕೆಲವು ದಿನದ ಮೇಲೆ ಅವರು ಆ ಚರ್ಮವನ್ನು ಕತ್ತರಿಸಿ ತೆಗೆದರು. ಅಷ್ಟರಲ್ಲಿ ತಾಯಿಕುರಿಯ ಹಾಲು ಮರಿಯ ಮೈಯೊಳಗೆ ಹರಿದು, ಒಳಗಿನಿಂದಲೇ ಅದರ ವಾಸನೆ ಬಂದಿರುತ್ತದಂತೆ. ಕುರಿ ಮೂಸಿತು, ಸುಮ್ಮನಿತ್ತು. ಚರ್ಮವನ್ನು ಗೋಡೆಯ ಮೇಲೆ ಎಸೆದರು. ಅತ್ತ ನೋಡಿದ್ದು ನಾನೊಬ್ಬನೇ.

"ನಿಮ್ಮ ದೇಶ ಬುಟ್ಟು ನಾವು ಒಂಟೋಯ್ತೀವಂತೆ, ರೇಡಿಯೋದಾಗೆ ಅಂದ್ರು" ಎಂದರು ಯಜಮಾನರು. "ನೀನೂ ಓಯ್ತೀಯ ತಾನೆ?" ಹೋಗುತ್ತೇನೆ ಎಂದೆ. ಮಳವಳ್ಳಿ ಕಡೆಯ ಬಂಡೂರು ಕುರಿಗಳ ಬಗ್ಗೆ ಹೇಳಿದೆ, ಗಿಡ್ಡ ಕಾಲು, ತುಂಬಿದ ಮೈ, ಗುಡ್ಡವನ್ನೇ ಕಾಣದ ಬದುಕು. ಹೇಳುತ್ತ ಹೇಳುತ್ತ ನನ್ನ ಕಣ್ಣೊಳಗೆ ಅವುಗಳ ಮುಖ ಕಪ್ಪಾಗುತ್ತಿತ್ತು, ಇಲ್ಲಿಯ ಕರಿಮುಖದ ಕುರಿಗಳಂತೆ. ನಿಲ್ಲಿಸಿಬಿಟ್ಟೆ.

ಮುಂದಿನ ವಾರ ಪಕ್ಕದ ಗುಡ್ಡದವರಿಗೆ ಯಜಮಾನರು ಉಪ್ಪಿನ ವಿದ್ಯೆ ಹೇಳಿಕೊಡುತ್ತಿದ್ದರು. "ನಮ್ ತಾತ ಮಾಡ್ತಿದ್ರು, ಮರ್ತೇ ಓಗಿತ್ತು" ಎಂದರು. ಸುಳ್ಳು ಹೇಳುವ ಮುಖ ಅಲ್ಲ ಅದು. ನಾನು ತಿದ್ದಲಿಲ್ಲ. ಈಗ ಅಜ್ಜಿಯ ಹಟ್ಟಿ ನೆನೆದರೆ ಹೆಂಚಿನ ಮೇಲೆ ಹಿಮ ಕಾಣುತ್ತದೆ, ಅಜ್ಜಿಯ ಕೈಯಲ್ಲಿ ಜೀನಮ್ಮನ ಜಾಡಿ.

ಕೊಪ್ಪದಲ್ಲಿ ಇದನ್ನು ಓದುವವರಲ್ಲಿ ಆ ಹಟ್ಟಿಯನ್ನು ಕಂಡವರು ಇರಬಹುದು. ಅಲ್ಲಿ ಹುಲ್ಲಿನ ಕರು ಇತ್ತೋ ಇಲ್ಲವೋ, ದಯವಿಟ್ಟು ನನಗೆ ತಿಳಿಸಬೇಡಿ. ಇಳಿಹೊತ್ತಿನಲ್ಲಿ ಗುಡ್ಡದ ಮೇಲಿಂದ ಕುರಿ ಕೂಗಿದರೆ ನಾನು ತಿರುಗಿ ನೋಡುತ್ತೇನೆ. ತಿರುಗಿದ್ದು ಅಜ್ಜಿಯ ಹಟ್ಟಿಯ ಕಡೆಗೋ ರಾಬ್ ಯಜಮಾನರ ಕೊಟ್ಟಿಗೆಯ ಕಡೆಗೋ ಎಂದು ಸದ್ಯಕ್ಕೆ ಯೋಚಿಸಬೇಕಾಗಿ ಬಂದಿಲ್ಲ.